ರೊಟ್ಟಿಗೊಂದು ಅರಬ್ಬಿ ಮಾತು

ರಾಯಚೂರಿನ ಅಂದ್ರೂನ್ ಕಿಲ್ಲಾದ ಒಂದು ಓಣಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಎರಡು ಒಲೆ ಉರಿಯುತ್ತಿವೆ. ಗುಲ್ಶನ್ ಬೇಗಂ ಜೋಳದ ರೊಟ್ಟಿ ತಟ್ಟುತ್ತಾ, ಪಕ್ಕದ ಒಲೆಯ ಮುಂದೆ ಕುಳಿತ ಸೂಗಮ್ಮನತ್ತ ತಿರುಗಿಯೂ ನೋಡದೆ ಕೇಳುತ್ತಾರೆ.

"ನೀರು?"

"ಮಾಯ್."

"ನೀರು ಬೇಕು?"

"ಅಬೀ ಮಾಯ್."

"ಮೈಯಾಗ ಆರಾಮಿಲ್ಲ?"

ಸೂಗಮ್ಮನ ಕೈ ನಿಂತೇ ಹೋಗುತ್ತದೆ. "ಕೈ ಯಾಕ ನಿಂದ್ರಿಸಿದಿ ಯವ್ವಾ? ಅಲ್ಲಿ ಕುಂತು ಮಾತು ಹುಡುಕಾಕ ಪುರಸೊತ್ತು ಕೊಡಂಗಿಲ್ಲ. ತಟ್ಟಕೋತ ಹೇಳು," ಎಂದು ಗುಲ್ಶನ್ ಬೇಗಂ ಗದರುತ್ತಾರೆ. ಮತ್ತೆ ಸಪ್ಪಳ ಶುರುವಾಗುತ್ತದೆ. "ಅನಾ ತಾಬಾನಾ," ಅನ್ನುತ್ತಾಳೆ ಸೂಗಮ್ಮ. ರೊಟ್ಟಿ ಹಂಚಿಗೆ ಬೀಳುತ್ತದೆ.

ಇಲ್ಲಿನ ಕಾನೂನು ಇಷ್ಟೇ. ರೊಟ್ಟಿಗೊಂದು ಮಾತು. ತಪ್ಪಿದರೆ ಮುಂದಿನ ರೊಟ್ಟಿಗೂ ಅದೇ ಪ್ರಶ್ನೆ. ದಿನಕ್ಕೆ ಮುನ್ನೂರರಷ್ಟು ರೊಟ್ಟಿ ಊರಿನ ಖಾನಾವಳಿಗಳಿಗೆ ಹೋಗುತ್ತವೆ, ಆದ್ದರಿಂದ ಪ್ರಶ್ನೆಗಳಿಗೆ ಬರವಿಲ್ಲ. ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೊರಟ ಹೆಂಗಸರು ಯಾರೇ ಬಂದು ಕುಳಿತರೂ ಗುಲ್ಶನ್ ಬೇಗಂ ಅರಬ್ಬಿ ಕಲಿಸುತ್ತಾರೆ. ಬೋರ್ಡು, ಬೆಂಚು, ಫೀಸು ಯಾವುದೂ ಇಲ್ಲ. ಬಂದವರು ಹಿಟ್ಟು ನಾದಿಕೊಡಬೇಕು, ಅಷ್ಟೇ.

ಐವತ್ತು ದಾಟಿದ ಗುಲ್ಶನ್ ಬೇಗಂರ ತವರು ಮಾನ್ವಿ. ಮನೆಯಲ್ಲಿ ದಖ್ನಿ, ಬಜಾರಿನಲ್ಲಿ ಕನ್ನಡ. ಅಕ್ಷರದ ಮಟ್ಟಿಗೆ ಮಾತ್ರ ಅರಬ್ಬಿ, ಅದೂ ಚಿಕ್ಕಂದಿನಲ್ಲಿ ಓಣಿಯಲ್ಲಿ ಪಾಠ ಹೇಳುವ ಉಸ್ತಾನಿಯ ಮುಂದೆ ಕುಳಿತು ಕುರಾನ್ ಓದಲು ಕಲಿತಾಗ ಬಂದದ್ದು. ಗಂಡ ತೀರಿಕೊಂಡ ಮೇಲೆ ಕುವೈತಿಗೆ ಹೊರಟು ನಿಂತಾಗ ಏಜೆಂಟ ಕೇಳಿದ್ದನಂತೆ, ಅರಬ್ಬಿ ಬರುತ್ತದಾ ಎಂದು. "ಬರತದ ಅಂದೆ. ಸುಳ್ಳಲ್ಲರೀ, ಓದಾಕ ಬರತಿತ್ತಲ್ಲ! ಅಲ್ಲಿ ಇಳಿದ ಮ್ಯಾಲ ಅಂಗಡಿ ಬೋರ್ಡು ಎಲ್ಲಾ ಓದಿದೆ. ಅಡಗಿಮನ್ಯಾಗ ನಿಂತು ಕುಡಿಯಾಕ ನೀರು ಕೇಳಾಕ ಬರಲಿಲ್ಲ."

ಮನೆಯೊಡತಿ ಏನು ಅಂದರೂ ತಲೆಯಾಡಿಸುವುದೇ ಅವರ ಪಾಲಿಗೆ ಅರಬ್ಬಿಯಾಯಿತು. ಒಮ್ಮೆ ಹಾಗೆ ತಲೆಯಾಡಿಸಿದ್ದಕ್ಕೆ, ಒಡತಿಯ ತಂಗಿಯ ಮನೆಯ ಪಾತ್ರೆ, ಬಟ್ಟೆಯೂ ಮೈಮೇಲೆ ಬಿದ್ದವು. ಸಂಬಳ ಒಂದೇ, ಮನೆ ಎರಡು. "ಒಪ್ಪಿದ್ದು ನಾನೇ ಅಂತ. ಏನು ಒಪ್ಪೀನಿ ಅನ್ನೋದು ನನಗೇ ಗೊತ್ತಿಲ್ಲ. ಅವತ್ತು ಸಿಟ್ಟು ಬಂತು ನೋಡ್ರಿ, ಅವರ ಮ್ಯಾಲಲ್ಲ, ನನ್ನ ತಲಿ ಮ್ಯಾಲ."

ಆ ಸಿಟ್ಟೇ ಅವರನ್ನು ಕಲಿಯಲು ಕೂರಿಸಿತು. ಮೇಷ್ಟ್ರು ಒಡತಿಯ ನಾಲ್ಕು ವರ್ಷದ ಮಗಳು. ಊಟ ಮಾಡಿಸುವಾಗ ಚಮಚ, ತಟ್ಟೆ, ಉಪ್ಪು ಒಂದೊಂದನ್ನೇ ತೋರಿಸಿ ಕೇಳುವುದು, ತಪ್ಪಿದರೆ ಆ ಕೂಸು ಬಿದ್ದು ಬಿದ್ದು ನಗುವುದು. ಟಿವಿಯ ಕಾರ್ಟೂನು, ಬಾಗಿಲಿಗೆ ತರಕಾರಿ ತರುವವನು, ಪಕ್ಕದ ಮನೆಯ ಡ್ರೈವರು, ಯಾರನ್ನೂ ಅವರು ಬಿಡಲಿಲ್ಲ. ಕೊನೆಗೊಂದು ದಿನ ತಂಗಿಯ ಮನೆಗೆ ಹೋಗು ಎಂದಾಗ ಗುಲ್ಶನ್ ಬೇಗಂ ನಿಂತಲ್ಲೇ ನಿಂತು "ಲಾ" ಅಂದರು. ಇಲ್ಲ, ಹೋಗುವುದಿಲ್ಲ ಎಂದು. ಎರಡು ದಿನ ಮನೆಯಲ್ಲಿ ರಂಪವೋ ರಂಪ. ಮೂರನೆಯ ದಿನದಿಂದ ಆ ಮನೆಯ ಪಾತ್ರೆ ಇವರ ಕೈಗೆ ಬರಲಿಲ್ಲ.

ಅದಕ್ಕೇ, ಊರಿಗೆ ಮರಳಿದ ಮೇಲೆ ಹಾಕಿದ ಈ ಶೆಡ್ಡಿನಲ್ಲಿ ಮೊದಲ ಪಾಠ ನಮಸ್ಕಾರವಲ್ಲ, ಹೆಸರು ಹೇಳುವುದೂ ಅಲ್ಲ. ಮೊದಲ ಮಾತು "ಲಾ". ಇದು ಈಗ ಇಲ್ಲಿಂದ ಹೆಂಗಸರನ್ನು ಗಲ್ಫಿಗೆ ಕಳಿಸುವ ಏಜೆಂಟನಿಗೆ ಸೇರುವುದಿಲ್ಲ. ಈ ಒಲೆಯ ಹತ್ತಿರ ಸುಳಿದವರಿಗೆ ನನ್ನ ಕಡೆಯಿಂದ ವೀಸಾ ಇಲ್ಲ ಎಂದು ಅವನು ಸಾರಿದ ಮೇಲೆ ಹೆಂಗಸರು ಬರುವುದೇ ನಿಂತಿತು. "ಅವನ ಹೆಸರು ಬರೀಬ್ಯಾಡ್ರಿ. ಅವನಿಗೂ ಹೆಂಡ್ತಿ ಮಕ್ಕಳದಾರ," ಅನ್ನುವಾಗ ಗುಲ್ಶನ್ ಬೇಗಂರ ಮುಖದಲ್ಲಿ ಕರುಣೆಯೇನೂ ಕಾಣುವುದಿಲ್ಲ.

ಉಳಿದವಳು ಸೂಗಮ್ಮ ಒಬ್ಬಳೇ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯವಳು. ಗಂಡ ಬೂದೆಪ್ಪ ಗಾರೆ ಕೆಲಸದಲ್ಲಿ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ಮನೆ ನಡೆಯಬೇಕೆಂದರೆ ಅವಳು ಹೋಗಲೇಬೇಕು. ಅರಬ್ಬಿಯ ಒಂದು ಅಕ್ಷರವೂ ಅವಳಿಗೆ ಗೊತ್ತಿಲ್ಲ, ಎಲ್ಲಾ ಕಿವಿಯ ಮೇಲೆಯೇ. ವಾರದಲ್ಲಿ ಮೂರು-ನಾಲ್ಕು ರಾತ್ರಿ ಶೆಡ್ಡಿನಲ್ಲೇ ಮಲಗುವ ಅವಳು, ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ, ಚೀಲ, ಚಪ್ಪಲಿ ಎಂದು ಅರಬ್ಬಿಯಲ್ಲಿ ಪಿಟಿಪಿಟಿ ಅನ್ನುತ್ತಾ ಕೂರುತ್ತಾಳೆ. ಪಕ್ಕದವರು ಸರಿದು ಕೂರುತ್ತಾರಂತೆ. ಬೂದೆಪ್ಪನೂ ಈಗ ಹಾಸಿಗೆಯಿಂದಲೇ "ಅಬೀ ಮಾಯ್" ಎಂದು ಕೂಗುತ್ತಾನೆ. ಕನ್ನಡದಲ್ಲಿ ಕೇಳಿದರೆ ಅವಳು ನೀರು ಕೊಡುವುದಿಲ್ಲ.

ಹೋದ ವಾರ ಏಜೆಂಟನ ಆಫೀಸಿನಲ್ಲಿ ಸೂಗಮ್ಮನಿಗೆ ವಿಡಿಯೊ ಕರೆ ಬಂತು. ಒಲೆಯ ಸಹವಾಸ ಬಿಟ್ಟಿದ್ದಾಳೆಂದು ಏಜೆಂಟ ನಂಬಿದ್ದ. ಆ ಕಡೆಯ ಮನೆಯೊಡತಿ ಅರಬ್ಬಿಯಲ್ಲಿ ಕೇಳುತ್ತಿದ್ದಳು, ಈ ಕಡೆ ಏಜೆಂಟನೇ ಉತ್ತರ ಕೊಡುತ್ತಿದ್ದ. ಪಾಸ್‌ಪೋರ್ಟ್ ಒಡತಿಯ ಬಳಿಯೇ ಇರುತ್ತದೆ ಎಂದು ಅವನು ಒಪ್ಪಿಕೊಳ್ಳುತ್ತಿದ್ದಂತೆ, ನಡುವೆ "ಜವಾಜ್" ಎಂಬ ಮಾತು ಸೂಗಮ್ಮನ ಕಿವಿಗೆ ಬಿತ್ತು. ಪಾಸ್‌ಪೋರ್ಟಿಗೆ ಅದೇ ಮಾತು. ಅವಳು ಮುಂದೆ ಬಾಗಿ, "ಲಾ. ಜವಾಜಿ ಇಂದಿ," ಅಂದಳು. ಇಲ್ಲ, ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರುತ್ತದೆ. ಕರೆ ಕಟ್ಟಾಯಿತು. ಕೆಲಸವೂ ಹೋಯಿತು.

ಸುದ್ದಿ ಕೇಳಿ ಗುಲ್ಶನ್ ಬೇಗಂ ಹಂಚನ್ನು ಒಲೆಯಿಂದ ಕೆಳಗಿಳಿಸಿಬಿಟ್ಟರು. "ನನಗೇನ್ರಿ, ನಾ ಇಲ್ಲೇ ಒಲಿ ಮುಂದ ಕುಂತು ಶಾಣೇತನ ಹೇಳತೀನಿ. ಮನ್ಯಾಗ ಮಲಗಿರೋ ಗಂಡ ಆಕಿಗದಾನ. ತಪ್ಪು ಮಾಡಿದ್ನೇನೋ ಅನ್ನಿಸ್ತು." ಮರುದಿನ ಬೆಳಿಗ್ಗೆ ಏಜೆಂಟನೇ ಶೆಡ್ಡಿಗೆ ಬಂದ. ಒಲೆಯ ಮುಂದೆ ಸೂಗಮ್ಮ ಆಗಲೇ ಕುಳಿತಿದ್ದಳು. "ನಿನ್ನ ಪಾಠದಿಂದ ಆಕಿ ಅನ್ನ ಹೋಯ್ತು ಬೇಗಂ. ಬಾಯಿ ಇರೋ ಹೆಂಗಸನ್ನ ಯಾರೂ ಇಟ್ಟುಕೊಳ್ಳಂಗಿಲ್ಲ," ಎಂದ.

ಉತ್ತರ ಕೊಟ್ಟವಳು ಸೂಗಮ್ಮ, ಅಚ್ಚ ತನ್ನೂರಿನ ಕನ್ನಡದಲ್ಲಿ. "ಬಾಯಿ ಇರೋ ಹೆಂಗಸು ಬ್ಯಾಡ ಅನ್ನೋ ಮನಿ ನನಗೂ ಬ್ಯಾಡ್ರಿ. ಬ್ಯಾರೆ ಮನಿ ಹುಡುಕ್ರಿ. ನಿಮ್ಮ ಕೈಲೆ ಆಗಲಿಲ್ಲಂದ್ರ ಬ್ಯಾರೆ ಏಜೆಂಟನ್ನ ನಾ ಹುಡುಕತೀನಿ."

ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಸಿಗುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಮಾನ್ವಿಯಲ್ಲಿ ಇನ್ನೊಬ್ಬ ಏಜೆಂಟನಿದ್ದಾನೆ ಎಂದು ಗುಲ್ಶನ್ ಬೇಗಂ ಫೋನು ಹಚ್ಚುತ್ತಲೇ ಇದ್ದಾರೆ. ಇಷ್ಟು ಹೆಂಗಸರಿಗೆ ಮಾತು ಕಲಿಸಿದ್ದೀರಿ, ಎಲ್ಲಕ್ಕಿಂತ ಹೆಮ್ಮೆ ಯಾವ ಮಾತಿನ ಮೇಲೆ ಎಂದು ಕೇಳಿದರೆ ಅವರು ಸೂಗಮ್ಮನ ಕಡೆ ಗದ್ದ ತೋರಿಸುತ್ತಾರೆ.

"ಆಕಿ ಏಜೆಂಟನಿಗೆ ಅಂದದ್ದು ಕೇಳಿದ್ರಲ್ಲ? ಅದನ್ನ ನಾ ಕಲಿಸಿದ್ದಲ್ರಿ."