ಅಳದ ಮರ

ಊರಿನವರ ಬಾಯಲ್ಲಿ ಅವಳು ಸೌದೆಯಕ್ಕ. ಬೇಕರಿಯ ಒಲೆಗೆ ಸೌದೆ ಸೀಳುತ್ತಲೇ ತಲೆ ನರೆತವಳು. ಗಂಡ ಗಣಿಯೊಳಗೆ ಮಣ್ಣಾದಾಗ ಇನ್ನೂ ಹರೆಯ. ಅಂದಿನಿಂದ ಗಂಡನ ಅಣ್ಣನಾದ ಭಾವನ ಮನೆಯ ಹಿಂದಿನ ಕೋಣೆ ಅವಳದು, ಆ ಮನೆಯ ಮುಸುರೆಯೂ ಅವಳದೇ.

ಗಣಿಯವರಲ್ಲಿ ಒಂದು ಕಟ್ಟಳೆಯಿತ್ತು. ಸುರಂಗದ ಸೂರಿಗೆ ಆಸರೆ ಕೊಡುವ ಕಂಬ ಮೆದು ಮರದ್ದೇ ಆಗಬೇಕು. ಮೆದು ಮರ ಮುರಿಯುವ ಮೊದಲು ಅಳುತ್ತದೆ. ಕಿರಗುಟ್ಟಿ, ಸಿಡಿದು, ಓಡಿರೋ ಅನ್ನುತ್ತದೆ. ಗಟ್ಟಿ ಮರಕ್ಕೆ ಬಾಯಿಲ್ಲ, ತಲೆಯ ಮೇಲೆ ಬೆಟ್ಟ ಬಿದ್ದಾಗಲೇ ಸುದ್ದಿ. ಆ ಅಳುವಿಗೆ ಕಿವಿಗೊಟ್ಟು ಜೊತೆಯವರನ್ನು ಹೊರಗೋಡಿಸುವುದು ಅವಳ ಗಂಡನ ಕೆಲಸವಾಗಿತ್ತು. ಕಂಬ ನಿಲ್ಲಿಸುವ ಕೆಲಸ ಭಾವನದು.

ಸೂರು ಕುಸಿದು ಗಂಡನೂ ಅವನ ಜೊತೆಯವರೂ ಸತ್ತ ಮೇಲೆ ವಿಚಾರಣೆ ನಡೆಯಿತು. ಭಾವ ಎದ್ದು ನಿಂತು ಹೇಳಿದ್ದ: "ಕಂಬ ಅಳ್ತಿತ್ತು ಸ್ವಾಮಿ, ನನ್ನ ತಮ್ಮ ಕಿವಿಗೆ ಹಾಕ್ಕೊಳ್ಳಲಿಲ್ಲ." ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಅವಳು ನಲ್ಲಿಗೆ ಬಂದರೆ ಉಳಿದ ವಿಧವೆಯರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು.

ಈಗ ಗಣಿಯ ಬಾಯಿ ಮುಚ್ಚುವ ಕಾಲ ಬಂದಿತ್ತು. ಅಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸುತ್ತಾರಂತೆ. ಅವಳ ಗಂಡನ ಹೆಸರು ಮಾತ್ರ ಇಲ್ಲವಂತೆ.

"ನೀವೊಂದು ಮಾತು ಹೇಳಿದ್ರೆ ಸೇರಿಸ್ತಾರೆ, ಭಾವ. ತಪ್ಪೇ ಮಾಡಿರ್ಲಿ, ಸತ್ತಿದ್ದು ಅಲ್ಲೇ ತಾನೇ?"

"ಹೇಳೋಣ ಬಾ. ಬುತ್ತಿ ಕಟ್ಟು."

ಗಣಿಗೆ ಹೋಗಲು ಹಳೇ ಕಾಡನ್ನು ದಾಟಬೇಕು. ಮುತ್ತಜ್ಜನ ಮುತ್ತಜ್ಜನೂ ಕತ್ತೆತ್ತಿ ನೋಡಿದ್ದ ಮರಗಳು. ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆಗಳು. ಬಿಸಿಲು ನೆಲಕ್ಕೆ ಇಳಿಯುವಷ್ಟರಲ್ಲಿ ಸೋಸಿದ ಗಂಜಿಯಷ್ಟು ತೆಳ್ಳಗಾಗಿತ್ತು. ಭಾವ ಮುಂದೆ, ಬುತ್ತಿ ಹೊತ್ತ ಅವಳು ಹಿಂದೆ.

"ನಿನ್ನ ಗಂಡನಿಗೆ ಕಿವಿ ಇದ್ದದ್ದು ಟೋಪಿ ಜಾರದೇ ಇರ್ಲಿ ಅಂತ" ಎಂದು ಭಾವ ತನ್ನ ಮಾತಿಗೆ ತಾನೇ ನಕ್ಕ. ಅವಳು ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸಿ ಹಿಂದೆಯೇ ನಡೆದಳು. ಕೆಲಸ ಆಗಬೇಕಿತ್ತಲ್ಲ.

ಗಣಿ ಹತ್ತಿರವಾದಂತೆ ಕಾಡು ಬೋಳಾಯಿತು. ಪಾಚಿ ಹಿಡಿದ ದೊಡ್ಡ ದೊಡ್ಡ ಬುಡಗಳು, ಎಲ್ಲಕ್ಕೂ ಗರಗಸದ ಕೊಯ್ತ.

"ಇಷ್ಟು ಮರ ಕಡಿದವರು ಯಾರು, ಭಾವ?"

"ಯಾರೋ. ಕಾಲು ಎತ್ತಿ ಹಾಕು."

ಗಣಿಯ ಬಾಯಲ್ಲಿ ಕೆಲಸದವರು ಅಂದು ಕುಸಿದ ಸುರಂಗದ ಮುರುಕು ಕಂಬಗಳನ್ನೆಲ್ಲ ಎಳೆದು ರಾಶಿ ಹಾಕಿದ್ದರು. ಸೌದೆ ಕಂಡ ಕೈ ಸುಮ್ಮನಿದ್ದೀತೇ? ಒಂದು ತುಂಡೆತ್ತಿ ತೂಗಿದಳು, ಉಗುರಿಂದ ಗೀರಿದಳು. ಕಲ್ಲಿನಂಥ ಕಪ್ಪು ಚೇಗು, ಮರದ ಒಳತಿರುಳು. ಇಂಥದ್ದರ ಮೇಲೆ ಅವಳ ಕೊಡಲಿ ಎಷ್ಟು ಸಲ ಪುಟಿದಿತ್ತೋ.

"ಭಾವ, ಇದು ಗಟ್ಟಿ ಮರ. ಇದು ಅಳಲ್ಲ."

ಭಾವ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮೆದು ಮರ ಹೊಳೆಯಾಚೆಯಿಂದ ಬರ್ಬೇಕಿತ್ತು. ಇದು ಕಾಲಬುಡದಲ್ಲೇ ಇತ್ತು, ಕಡಿಸಿದೆ. ಈಗೇನು? ನನ್ನ ಅನ್ನ ತಿಂದ ಬಾಯಲ್ಲಿ ಕೂಗ್ತೀಯಾ? ಕೂಗು."

ಅವಳು ಆ ತುಂಡು ಹಿಡಿದುಕೊಂಡೇ ಮೇಸ್ತ್ರಿಯ ಬಳಿ ಹೋಗಿ ಎಲ್ಲ ಹೇಳಿದಳು. ಮೇಸ್ತ್ರಿ ಭಾವನ ಕಡೆ ತಿರುಗಿದ. "ಕಂಬ ಅತ್ತಿದ್ದು ನಿಜಾನಾ, ಅಜ್ಜ?"

"ಇನ್ನೂ ನನ್ನ ಕಿವಿಯಲ್ಲೇ ಇದೆ, ಮಗ. ಸೌದೆ ಸೀಳಿ ಸೀಳಿ ಇವಳ ತಲೆಯೂ ಸೀಳಿದೆ, ಪಾಪ."

ಕೆಲಸದವರು ನಕ್ಕರು. ಮೇಸ್ತ್ರಿ ಆ ತುಂಡನ್ನು ಇಸಿದುಕೊಂಡು ರಾಶಿಗೆಸೆದ.

ಹೆಸರಿನ ಕಲ್ಲಿನ ಪಕ್ಕ ಕೂತಿದ್ದ ಕಲ್ಲುಕುಟಿಗ ಒಬ್ಬನೇ ನಗಲಿಲ್ಲ. "ಕಲ್ಲಿನ ಮುಂದೆ ಜಾಗ ಇಲ್ಲ, ಅಮ್ಮ. ಬೇಕಿದ್ರೆ ಹಿಂದೆ ಕೆತ್ತಿ ಕೊಡ್ತೀನಿ."

"ಹಿಂದೆ ಅಂದ್ರೆ?"

"ಕಲ್ಲು ಈ ಬಂಡೆಗೆ ಒತ್ಕೊಳ್ಳುತ್ತಲ್ಲ, ಆ ಕಡೆ."

"ಕೆತ್ತಪ್ಪಾ, ಅವಳ ಆಸೆಯೂ ತೀರ್ಲಿ" ಎಂದ ಭಾವ, ಬುತ್ತಿ ಬಿಚ್ಚುತ್ತಾ.

ಅವಳಿಗೆ ಓದು ಬಾರದು. ಉಳಿಯ ಸದ್ದು ನಿಂತಾಗ ಮುಗಿಯಿತೆಂದು ತಿಳಿದು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ಇನ್ನೊಮ್ಮೆ ಆಡಿಸುವಷ್ಟರಲ್ಲಿ ಮೇಸ್ತ್ರಿ "ಸರಿಯಮ್ಮ" ಅಂದ. ಆಳುಗಳು ಕಲ್ಲನ್ನೆತ್ತಿ ಬಂಡೆಗೆ ಆನಿಸಿದರು. ಸಂದಿಗೆ ಸಿಮೆಂಟು ತುಂಬಿ, ಕರಣೆಯಿಂದ ನುಣುಪಾಗಿ ತೀಡಿದರು.

"ಆಯ್ತಲ್ಲ, ನಡಿ" ಎಂದು ಭಾವ ಖಾಲಿ ಬುತ್ತಿಯನ್ನು ಅವಳ ಕೈಗಿಟ್ಟ.

ಹೋಗಲು ಬೇರೆ ಮನೆಯಿರಲಿಲ್ಲ. ಅವಳು ನಡೆದಳು.