ಕಿಟಕಿ ತೆರೆಯುತ್ತಿದ್ದವನು

ರಿಯಾದಿನ ಚಳಿಯ ಬಗ್ಗೆ ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಸೌದಿ ಎಂದರೆ ಅವರಿಗೆ ಬಿಸಿಲು ಮಾತ್ರ. ಆ ಜನವರಿಯಲ್ಲಿ ಒಂದು ಕಂಪೆನಿ ಬಾಗಿಲು ಹಾಕಿ, ಕೆಲಸದವರನ್ನು ಕ್ಯಾಂಪಿನಿಂದ ಹೊರಹಾಕಿತ್ತು. ಫ್ಲೈಓವರ್ ಕೆಳಗೆ ರಟ್ಟು ಹಾಸಿ ಮಲಗಿದ್ದವರನ್ನು ಕಂಡು ತಡೆಯಲಾರದೆ, ಮಲಾಜ್‌ ಬಡಾವಣೆಯಲ್ಲಿರುವ ನನ್ನ ಹೋಟೆಲಿನ ಹಿಂದಿನ ಗೋದಾಮಿಗೆ ಕರೆತಂದೆ. ಹೀಟರ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಹಾಗಾಗಿ ಅಂಗಡಿ ಮುಚ್ಚುವಾಗ ಕೋಳಿ ಸುಡುವ ಒಲೆಯ ಕೆಂಡವನ್ನು ತಗಡಿನ ತಟ್ಟೆಯಲ್ಲಿ ತುಂಬಿ ಅವರ ನಡುವೆ ಇಡುತ್ತಿದ್ದೆ.

ಒಳ್ಳೆಯ ಕೆಲಸ ಮಾಡಿದವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಸುಳ್ಳು. ಹೆಚ್ಚಿನವರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿದುಹೋಗಿತ್ತು. ಯಾರಾದರೂ ಚಾಡಿ ಹೇಳಿದರೆ ಅವರೂ ಹೋದರು, ಅಡಗಿಸಿಟ್ಟ ನಾನೂ ಹೋದೆ. ಓಣಿಯ ಕಡೆಗಿದ್ದ ಒಂದೇ ಕಿಟಕಿಯನ್ನು ಮುಚ್ಚಿಯೇ ಇಡಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಮೊದಲೇ ನಾನು ಸಂಶಯದ ಪ್ರಾಣಿ. ಕೋಳಿ ತರುವವನು ನಕ್ಕರೂ ಇವತ್ತು ತೂಕದಲ್ಲಿ ಹೊಡೆದಿದ್ದಾನೆ ಎಂದುಕೊಳ್ಳುವವನು.

ಅಂಥವನಿಗೆ ದಿನಾ ಬೆಳಿಗ್ಗೆ ಆ ಕಿಟಕಿ ಒಂದು ಗೇಣು ತೆರೆದಿರುವುದು ಕಂಡರೆ ಹೇಗಾಗಬೇಡ? ವಿಚಾರಿಸಿದಾಗ ಎಲ್ಲರೂ ಉಡುಪಿ ಕಡೆಯ ಒಬ್ಬ ಬಡಗಿಯತ್ತ ಬೊಟ್ಟು ಮಾಡಿದರು. ಹೆಚ್ಚು ಮಾತಿಲ್ಲದ ಮನುಷ್ಯ. ಉಳಿದವರು ಕೆಂಡದ ಹತ್ತಿರದ ಜಾಗಕ್ಕೆ ಜಗಳವಾಡಿದರೆ ಇವನು ಕಿಟಕಿಯ ಬುಡದಲ್ಲೇ ಚಾಪೆ ಹಾಕುತ್ತಿದ್ದ. ಏಕೆಂದು ಕೇಳಿದರೆ ಸೆಖೆ ಎಂದ. ಮೈ ಕೊರೆಯುವ ಚಳಿಯಲ್ಲಿ ಸೆಖೆಯಂತೆ! ಓಣಿಯಲ್ಲಿ ಯಾರಿಗೋ ಸನ್ನೆ ಮಾಡುತ್ತಾನೆ, ನಮ್ಮನ್ನೆಲ್ಲ ಹಿಡಿದುಕೊಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಸಂಜೆ ನಾನೇ ಸುತ್ತಿಗೆ ಹಿಡಿದು ಕಿಟಕಿಗೆ ಮೊಳೆ ಹೊಡೆದೆ. ಅವನು ನೋಡುತ್ತಾ ನಿಂತಿದ್ದ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಚಹಾ ಕೊಂಡುಹೋದರೆ ಕೆಲವರು ತಲೆ ಹಿಡಿದುಕೊಂಡು ಕೂತಿದ್ದರು, ಒಬ್ಬ ವಾಂತಿ ಮಾಡಿಕೊಂಡಿದ್ದ. ಎಲ್ಲರ ಕಣ್ಣೂ ನನ್ನ ಮೇಲೆ. ಹಳಸಿದ ದಾಲ್ ಬಿಸಿಮಾಡಿ ಬಡಿಸಿದ್ದೇನೆ ಎಂದು ಯಾರೋ ಗೊಣಗಿದರು. ನನಗೆ ರೇಗಿತು. ಉಂಡ ಮನೆಯ ಜಂತೆ ಎಣಿಸುವವರು ಎಂದು ಬೈದೆ. ಅದೇ ದಾಲನ್ನು ನಾನೂ ಉಂಡಿದ್ದೆ. ಆಮೇಲೆ ನೋಡಿದರೆ ಬಡಗಿಯ ಚಾಪೆ ಖಾಲಿಯಿತ್ತು.

ಸಿಟ್ಟಿನ ಬದಲು ಭಯ ಹತ್ತಿತು. ಹಿಡಿದುಕೊಡಲು ಹೋಗಿಯೇಬಿಟ್ಟ ಎಂದುಕೊಂಡು ಚಹಾದ ಲೋಟ ಹಿಡಿದೇ ಗೋದಾಮಿನ ಹಿಂಬಾಗಿಲಿಗೆ ಓಡಿದೆ. ಅವನು ಹೊರಗೆ ಹೊಸ್ತಿಲಿನ ಪಕ್ಕ ಕಂಬಳಿ ಸುತ್ತಿಕೊಂಡು ಕೂತಿದ್ದ. ಬಾಗಿಲು ಮುಚ್ಚದಂತೆ ಒಂದು ಕಾಲನ್ನು ಸಂದಿಗೆ ಕೊಟ್ಟಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಬೆಚ್ಚಗಿನ ಜಾಗ ಬಿಟ್ಟು ಇಲ್ಲಿ ಯಾರನ್ನು ಕಾಯುತ್ತಿದ್ದೀ ಎಂದು ಗದರಿದೆ.

"ಒಳಗೆ ಎಲ್ಲ ಎದ್ರಾ ಭಾಯಿ?" ಎಂದ.

ಎದ್ದಿದ್ದಾರೆ, ಅದರಿಂದ ನಿನಗೆಂತ ಎಂದೆ.

"ಹೋದ ಚಳಿಗೆ ಸೈಟಿನ ಶೆಡ್ಡಲ್ಲಿ ನಾವು ಮೂವರು ಹೀಗೇ ಕೆಂಡ ಇಟ್ಟು, ಬಾಗಿಲು ಹಾಕಿ ಮಲಗಿದ್ದು. ಅದರ ಗಾಳಿ ವಿಷ ಅಂತ ನಮಗೆಂತ ಗೊತ್ತು. ಬೆಳಿಗ್ಗೆ ಎದ್ದದ್ದು ನಾನೊಬ್ಬನೇ."

ಎಲ್ಲರ ಮೇಲೂ ಸಂಶಯಪಟ್ಟು, ಸಾವನ್ನು ತಟ್ಟೆಯಲ್ಲಿ ತುಂಬಿ ನಡುವೆ ಇಡುತ್ತಿದ್ದವನು ನಾನೇ.

"ಮೊದಲೇ ಹೇಳ್ಬಾರದಿತ್ತಾ ಮಾರಾಯ?"

"ಹೇಳಿದ್ರೆ ಎಲ್ಲರೂ ಕೇಳುದು ಒಂದೇ, ಭಾಯಿ. ಇಬ್ರು ಸತ್ತು ನೀನು ಮಾತ್ರ ಹೇಗೆ ಬದುಕಿದೆ ಅಂತ. ಪೊಲೀಸರು ಕೇಳಿದ್ರು. ಊರಲ್ಲಿ ಅವರ ಮನೆಯವರೂ ಕೇಳಿದ್ರು."

ನನ್ನ ನಾಲಿಗೆಯ ತುದಿಗೂ ಅದೇ ಪ್ರಶ್ನೆ ಬಂದಿತ್ತು. ನುಂಗಿಕೊಂಡು ಅವನ ಕೈಗೆ ಚಹಾ ಕೊಟ್ಟೆ, ಮೊಳೆ ಕೀಳಲು ಒಳಗೆ ಹೋದೆ.