ಗೆದ್ದವರ ಮನೆಯ ನೀರು

ನನ್ನ ಸೋದರಮಾವ ಆಚೆಮನೆಯ ನೀರು ಮುಟ್ಟುತ್ತಿರಲಿಲ್ಲ. ಇದಕ್ಕೆ ಜಾತಿ ಕಾರಣವಲ್ಲ, ಜಾಗದ ತಕರಾರೂ ಅಲ್ಲ. ಕಾರಣ ಲೋಕಸಭಾ ಚುನಾವಣೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಾನೂ ನಗುತ್ತಿದ್ದೆ, ಆಚೆಮನೆಯ ಅಕ್ಕ ತೀರಿಕೊಳ್ಳುವವರೆಗೆ.

ಅಮ್ಮನೂ ಮಾವನೂ ಒಟ್ಟಿಗಿದ್ದ ನನ್ನ ತಾಯಿಮನೆ ಇರುವುದು ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಕೆಳಗೆ ಒಂದು ತೋಡು ಹರಿಯುತ್ತದೆ. ಅದನ್ನು ದಾಟಲು ಸಿಮೆಂಟಿನ ಸಣ್ಣ ಸಂಕ, ಸಂಕದ ಆಚೆ ಇನ್ನೊಂದು ಮನೆ. ಅದೇ ಆಚೆಮನೆ. ಮಾವನೂ ಆಚೆಮನೆಯ ಯಜಮಾನರೂ ಒಂದೇ ವಯಸ್ಸಿನವರು, ಒಂದೇ ಶಾಲೆಯಲ್ಲಿ ಒಂದೇ ತರಗತಿಗೆ ಓದು ಬಿಟ್ಟವರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ದನದ ಹಾಲು ಕರೆದು ಡೈರಿಗೆ ಮುಟ್ಟಿಸುವಷ್ಟು ಸಲಿಗೆ.

ಹಿಂದೆ ಎರಡೂ ಮನೆಯವರು ಒಬ್ಬರೇ ಧಣಿಗಳ ಒಕ್ಕಲು. ಎಪ್ಪತ್ತರ ದಶಕದಲ್ಲಿ ಉಳುವವನಿಗೆ ಭೂಮಿ ಎಂಬ ಕಾನೂನು ಬಂತು. ಅರ್ಜಿ ಕೊಟ್ಟವರಿಗೆ ಭೂಮಿ ಆಯಿತು. ನಮ್ಮ ಕಡೆ ಈಗಲೂ ಅದನ್ನು ‘ಡಿಕ್ಲರೇಶನ್ ಆದ ಜಾಗ’ ಎನ್ನುತ್ತಾರೆ. ಅಂದಿನಿಂದ ಆ ಕಾನೂನು ತಂದ ಪಕ್ಷಕ್ಕೆ ನಮ್ಮ ಗುಡ್ಡದ ಸುತ್ತಲಿನ ಮನೆಗಳೆಲ್ಲ ಕಣ್ಣು ಮುಚ್ಚಿ ವೋಟು ಹಾಕುತ್ತಿದ್ದವು. ಅಭ್ಯರ್ಥಿ ಯಾರೆಂದು ಕೇಳುವ ಕ್ರಮವೇ ಇರಲಿಲ್ಲ. ಕೇಳಿದ್ದರೂ ಯಾರಿಗೂ ಗೊತ್ತಿರುತ್ತಿರಲಿಲ್ಲ ಎನ್ನಿ. ಆಗ ಬೆಳ್ತಂಗಡಿ ಲೋಕಸಭೆಯ ಲೆಕ್ಕದಲ್ಲಿ ಘಟ್ಟದ ಮೇಲಿನವರ ಜೊತೆಗಿತ್ತು. ಬಂಟ್ವಾಳ, ಮೂಡುಬಿದಿರೆಗಳು ಉಡುಪಿಯ ಜೊತೆಗಿದ್ದವು. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರವಿಲ್ಲದ ಊರುಗಳಿಗೆ ಬೇರೆ ಬೇರೆ ಸಂಸದರು. ನಾನು ಮದುವೆಯಾಗಿ ಮೂಡುಬಿದಿರೆಗೆ ಬಂದಾಗ ಮಾವ ಅತ್ತಂತೆ ಮಾಡಿ, “ಹುಡುಗಿಯನ್ನು ಪರಕ್ಷೇತ್ರಕ್ಕೆ ಕೊಟ್ಟೆವಲ್ಲ” ಎಂದಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಗೆ ಗಾಳಿ ತಿರುಗಿತು. ಡಿಕ್ಲರೇಶನ್ ನೋಡದ ಮಕ್ಕಳು ದೊಡ್ಡವರಾಗಿದ್ದರು. ಅವರಿಗೆ ಧಣಿಗಳ ಅಂಗಳದಲ್ಲಿ ಕೈಕಟ್ಟಿ ನಿಂತ ನೆನಪಿಲ್ಲ. ಅವರು ಬೇರೆ ಬಾವುಟ ಹಿಡಿದರು. ಆಶ್ಚರ್ಯವೆಂದರೆ ಆಚೆಮನೆಯ ಯಜಮಾನರೂ ಅವರ ಜೊತೆ ಹೋದರು. ಆ ಚುನಾವಣೆಯ ಮುಂಚಿನ ವಾರ ದೈವಸ್ಥಾನದಲ್ಲಿ ಸಂಕ್ರಮಣದ ಪೂಜೆ ಮುಗಿದು ಎಲ್ಲರೂ ಕಟ್ಟೆಯ ಮೇಲೆ ಕುಳಿತಿದ್ದಾಗ ಮಾವ ಕೆದಕಿದರು. ನಾನೂ ಅಲ್ಲಿದ್ದೆ.

“ನೀನು ನಿಂತ ಜಾಗ ಯಾರು ಕೊಟ್ಟದ್ದು ಮಾರಾಯ? ಉಂಡ ಮನೆಗೆ ಎರಡು ಬಗೆಯುವುದಾ?”

ಆಚೆಮನೆಯವರು ತಣ್ಣಗೆ ಹೇಳಿದರು: “ಇಷ್ಟು ವರ್ಷ ಅವರಿಗೇ ಹಾಕಿದ್ದೇನೆ. ಅಕ್ಕಿಯ ಗೇಣಿ ನಿಂತಿತು, ಇನ್ನು ವೋಟಿನ ಗೇಣಿ ಕೊಡುತ್ತಲೇ ಇರಬೇಕಾ?”

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಮಾವನಿಗೆ ಸಿಟ್ಟು ನೆತ್ತಿಗೇರಿತು. ಅವರು ಎದ್ದು ನಿಂತು ಗುಡಿಯ ಕಡೆ ಕೈ ತೋರಿಸಿದರು. “ನಿನ್ನ ಪಕ್ಷ ಇಲ್ಲಿಂದ ದಿಲ್ಲಿಗೆ ಹೋಗುವುದುಂಟಾ? ಹೋದರೆ, ಅದು ಸೋತು ಮನೆಗೆ ಬರುವವರೆಗೆ ನಿನ್ನ ಮನೆಯ ನೀರು ಮುಟ್ಟುವುದಿಲ್ಲ. ಈ ದೈವದ ಆಣೆ.”

ನಮ್ಮ ಕಡೆ ಆಣೆ ಎಂದರೆ ಬರೀ ಬಾಯಿಮಾತಲ್ಲ. ಆಣೆ ಹಾಕಿದವರು ಸತ್ತರೆ ಅದು ಮಕ್ಕಳ ತಲೆಯ ಮೇಲೆ ಬರುತ್ತದೆಂಬ ಹೆದರಿಕೆ. ಬಿಡಿಸಬೇಕಾದರೆ ಇಬ್ಬರೂ ದೈವದ ಎದುರು ನಿಂತು, ತಪ್ಪಾಯಿತು ಎಂದು ಕಾಣಿಕೆ ಹಾಕಬೇಕು. ತಪ್ಪಾಯಿತು ಎನ್ನುವ ಶಬ್ದ ಮಾವನ ಬಾಯಿಯಿಂದ ಹೊರಟದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಆ ಪಕ್ಷ ಗೆದ್ದಿತು. ಗೆದ್ದದ್ದು ಲೋಕಸಭೆಗೆ ಇಲ್ಲಿಂದ ಮತ್ತೆ ಸೋಲಲೇ ಇಲ್ಲ.

ಇಬ್ಬರ ಮಾತುಕತೆ ನಿಲ್ಲಲಿಲ್ಲ. ಮಾವನ ಆಣೆ ಮನೆಯ ನೀರಿಗೆ ಮಾತ್ರ, ಹೋಟೆಲಿನ ನೀರಿಗೆ ಅಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಮಡಂತ್ಯಾರಿಗೆ ಹೋಗಿ ಒಂದೇ ಮೇಜಿನಲ್ಲಿ ಚಾ ಕುಡಿದು ಬರುವುದು. ಸಂಕ ದಾಟಿದರೆ ಸಿಗುವ ಚಾವನ್ನು ಬಸ್ಸು ಹತ್ತಿ ಹೋಗಿ ಕುಡಿಯುವ ಈ ಗಂಡಸರ ಬುದ್ಧಿಗೆ ನನ್ನ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಯಜಮಾನರ ಹೆಂಡತಿ, ಆಚೆಮನೆಯ ಅಕ್ಕ, ಮಾತ್ರ ತಮ್ಮ ಕ್ರಮ ಬಿಡಲಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಪದ್ಧತಿ. ಮಾವ ಅಂಗಳಕ್ಕೆ ಕಾಲಿಟ್ಟರೆ ಅವರು ತಟ್ಟೆಯಲ್ಲಿ ಬೆಲ್ಲದ ತುಂಡು, ಹಿತ್ತಾಳೆಯ ಚೆಂಬಿನಲ್ಲಿ ನೀರು ತಂದಿಡುತ್ತಿದ್ದರು. ಮಾವ ತಟ್ಟೆಯನ್ನು ಬೆರಳಿನಿಂದ ಮುಟ್ಟಿ ಹಿಂದೆ ಸರಿಸುತ್ತಿದ್ದರು. ಅಕ್ಕ ಅದನ್ನು ಒಳಗೆ ಒಯ್ಯುತ್ತಿದ್ದರು.

ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ. ಹಾಗಾಗಿ ಚುನಾವಣೆ ಬಂದರೆ ಡ್ಯೂಟಿ ತಪ್ಪುತ್ತಿರಲಿಲ್ಲ. ಹೆಚ್ಚಾಗಿ ಬಂಟ್ವಾಳದ ಕಡೆಯ ಮತಗಟ್ಟೆಗಳು. ಅಲ್ಲಿ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತದೆ. ಬೇರೆ ಜಿಲ್ಲೆಯಿಂದ ಬಂದ ಅಧಿಕಾರಿಗಳು ಕಣ್ಣು ಕಣ್ಣು ಬಿಡುತ್ತಾರೆ. ಬೀಡಿ ಕಟ್ಟುವ ಹೆಂಗಸರು ಎಲ್ಲರಿಗಿಂತ ಮುಂದೆ, ವೋಟು ಹಾಕಿ ಮನೆಗೆ ಹೋಗಿ ಮೊರ ಹಿಡಿದು ಕೂತುಕೊಳ್ಳುವ ಅವಸರ ಅವರಿಗೆ. ಬುರ್ಖಾ ತೊಟ್ಟವರು, ಕುತ್ತಿಗೆಯಲ್ಲಿ ಶಿಲುಬೆ ಇದ್ದವರು, ಹಣೆಗೆ ಕುಂಕುಮ ಇಟ್ಟವರು ಒಂದೇ ಸಾಲಿನಲ್ಲಿ ಒಬ್ಬರಿಗೊಬ್ಬರು ಮಗಳ ಹೆರಿಗೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಟಿವಿಯವರು ನಮ್ಮ ಜಿಲ್ಲೆಯ ಬಗ್ಗೆ ಹೇಳುವುದನ್ನು ಕೇಳುವಾಗಲೆಲ್ಲ ನನಗೆ ಆ ಸಾಲು ನೆನಪಾಗಿ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯವನ್ನೂ ಕಂಡಿದ್ದೇನೆ. ನಮ್ಮವರು ವಿಧಾನಸಭೆಗೆ ಒಂದು ಲೆಕ್ಕ ಹಾಕುತ್ತಾರೆ, ದಿಲ್ಲಿಗೆ ಇನ್ನೊಂದು. ಬೆಳ್ತಂಗಡಿಯಲ್ಲಿ ಮಾವನ ಪಕ್ಷದವರು ಶಾಸಕರಾದ ದಿನ ಆಚೆಮನೆಯವರು ಸಂಕ ದಾಟಿ ಓಡಿ ಬಂದಿದ್ದರು. “ನಾವು ಸೋತೆವಲ್ಲ, ಇನ್ನಾದರೂ ಬಾ, ಒಂದು ಲೋಟ ಚಾ ಕುಡಿಯುವ.” ಮಾವ ಮೀಸೆ ತಿರುವುತ್ತಲೇ ತಲೆಯಾಡಿಸಿದರು. “ನಾನು ಹೇಳಿದ್ದು ದಿಲ್ಲಿಯ ಲೆಕ್ಕ.”

ಮುಂದೆ ಕ್ಷೇತ್ರಗಳ ಗಡಿಯನ್ನೇ ಬದಲಿಸಿದರು. ಬೆಳ್ತಂಗಡಿ ಘಟ್ಟ ಇಳಿದು ಬಂತು. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಮೂರೂ ಒಂದೇ ಲೋಕಸಭಾ ಕ್ಷೇತ್ರವಾದವು. ನಾನೂ ಮಾವನೂ ಕೊನೆಗೂ ಒಬ್ಬರೇ ಸಂಸದರ ಪ್ರಜೆಗಳಾದೆವು. ಆಗ ಆಚೆಮನೆಯವರಿಗೆ ಒಂದು ಉಪಾಯ ಹೊಳೆಯಿತು. ಆಣೆ ಹಾಕಿದ ಕ್ಷೇತ್ರವೇ ಈಗ ಇಲ್ಲವಲ್ಲ, ಹಾಗಾದರೆ ಆಣೆ ಎಲ್ಲಿ ಉಳಿಯಿತು? ಇಬ್ಬರೂ ದೈವಸ್ಥಾನದ ಹಿರಿಯರಾದ ಗುರಿಕಾರರ ಹತ್ತಿರ ಕೇಳಲು ಹೋದರು. ಮಾವ ಹೋದದ್ದೇ ನನಗೆ ದೊಡ್ಡ ಸಂಗತಿ. ಅವರಿಗೂ ಒಳಗೊಳಗೇ ಆಸೆ ಇತ್ತು. ಗುರಿಕಾರರು ಎಲೆಯಡಿಕೆ ಜಗಿದು ಮುಗಿಸಿ ಹೇಳಿದರು: “ಕ್ಷೇತ್ರ ಬದಲಾದದ್ದು ಸರಿ. ನಾಲಿಗೆ ಅದೇ ಅಲ್ಲವಾ? ತಪ್ಪಾಯಿತು ಅಂತ ಹೇಳಿ ಬಿಡಿಸಿಕೊಳ್ಳಿ, ಅದೇ ಸುಲಭ.” ಮಾವ ಛತ್ರಿ ಎತ್ತಿಕೊಂಡು ಎದ್ದು ಬಂದರು.

ಇಷ್ಟೆಲ್ಲ ತಮಾಷೆಯಾಗಿಯೇ ಇತ್ತು. ಆಮೇಲೆ ಅಕ್ಕ ತೀರಿಕೊಂಡರು. ಹೆಣ ಹೊರಲು, ಕಟ್ಟಿಗೆ ಒಟ್ಟಲು, ಬೊಜ್ಜದ ದಿನ ಚಪ್ಪರ ಹಾಕಲು ಎಲ್ಲದಕ್ಕೂ ಮಾವ ಮುಂದೆ ನಿಂತರು. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಅಂದು ಅವರ ಹೆಸರಿನಲ್ಲಿ ಉಣ್ಣುವುದು ಬಂದವರೆಲ್ಲರ ಕರ್ತವ್ಯ. ಮಾವ ಬಾಲ್ದಿ ಹಿಡಿದು ಕೊನೆಯ ಪಂಕ್ತಿಯವರೆಗೆ ಬಡಿಸಿದರು. ಬಡಿಸಿ, ಕೈ ತೊಳೆದು, ಸಂಕ ದಾಟಿ ಮನೆಗೆ ಬಂದು ಗಂಜಿಯ ಮುಂದೆ ಕೂತರು. ಉಣ್ಣಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಮಾವ, ಹೋಗಿ ತಪ್ಪಾಯಿತು ಅನ್ನಿ. ಒಂದು ಮಾತು. ನಿಮ್ಮ ಗಂಟೇನು ಹೋಗ್ತದೆ?”

“ಮುಂದಿನ ಸಲ ನಾವು ಗೆಲ್ತೇವೆ” ಎಂದರು ಮಾವ, ಗಂಜಿಯನ್ನು ನೋಡುತ್ತಾ. ಆ ಮಾತಿನಲ್ಲಿ ಪಕ್ಷ ಇರಲಿಲ್ಲ. ತಾನು ಬಾಗದೆ ಊರಿನ ಜನರೇ ಸೇರಿ ತನ್ನ ಆಣೆ ಬಿಡಿಸಿಕೊಡಲಿ ಎಂದು ಈ ಮನುಷ್ಯ ಇಷ್ಟು ವರ್ಷ ಕಾಯುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಇಬ್ಬರಿಗೂ ಎಂಬತ್ತು ಹತ್ತಿರ ಬಂದಿತ್ತು. ಆಚೆಮನೆಯ ಯಜಮಾನರ ಬೊಜ್ಜದಲ್ಲೂ ಮಾವ ಹೀಗೇ ಉಪವಾಸ ಕೂರುವ ದಿನ ದೂರವಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಕಳೆದ ಲೋಕಸಭಾ ಚುನಾವಣೆಯಲ್ಲಿ ನನಗೆ ಡ್ಯೂಟಿ ಇರಲಿಲ್ಲ, ನಿವೃತ್ತಿಯಾಗಿತ್ತು. ಮೂಡುಬಿದಿರೆಯಲ್ಲಿ ಬೆಳಿಗ್ಗೆಯೇ ವೋಟು ಹಾಕಿ, ಇಬ್ಬರು ಮುದುಕರನ್ನು ಮತಗಟ್ಟೆಗೆ ಕರೆದುಕೊಂಡು ಹೋಗಲು ಕಾರಿನಲ್ಲಿ ತಾಯಿಮನೆಗೆ ಬಂದೆ. ದಾರಿಯುದ್ದಕ್ಕೂ ಜಗಳ. ಅಡಿಕೆಯ ಆಮದು, ಹೆದ್ದಾರಿಯ ಹೊಂಡ, ಯಾರ ಕಾಲದಲ್ಲಿ ಕರೆಂಟು ಬಂತು, ಒಂದನ್ನೂ ಬಿಡಲಿಲ್ಲ. ಶಾಲೆಯ ಗೇಟಿನಿಂದ ದೂರದಲ್ಲಿ ಎರಡು ಪಕ್ಷದವರ ಎರಡು ಮೇಜು. ಇಬ್ಬರೂ ಅವರವರ ಮೇಜಿಗೆ ಹೋಗಿ ಚೀಟಿ ಬರೆಸಿಕೊಂಡು, ಮತ್ತೆ ಜೊತೆಯಾಗಿ ಸಾಲಿನಲ್ಲಿ ನಿಂತರು. ಹೊರಗೆ ಬಂದ ಮೇಲೆ ಎಂದಿನಂತೆ ಮಡಂತ್ಯಾರಿನ ಹೋಟೆಲು.

ಚಾ ಬಂತು. ಆಚೆಮನೆಯವರು ಬೆರಳಿನ ಶಾಯಿಯನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು: “ನಾನು ಈ ಸಲ ನಿನ್ನ ಪಕ್ಷಕ್ಕೆ ಹಾಕಿದೆ.”

ಮಾವ ಲೋಟ ಕೆಳಗಿಟ್ಟರು. “ಯಾಕೆ? ನಿನ್ನವರು ಏನು ಮಾಡಿದರು?”

“ಅವರೇನೂ ಮಾಡಲಿಲ್ಲ. ನನ್ನವರು ಸೋತರೆ ನೀನು ಮನೆಗೆ ಬಂದು ನೀರು ಕುಡೀತೀಯಲ್ಲ. ನನಗೆ ಇನ್ನು ಎಷ್ಟು ಚುನಾವಣೆ ಉಂಟು ಮಾರಾಯ?”

ನಾನು ಟೀಚರ್, ಗುಪ್ತ ಮತದಾನವೆಂದು ಎಷ್ಟೋ ತರಗತಿಗಳಿಗೆ ಪಾಠ ಮಾಡಿದವಳು. ಹಾಗೆಲ್ಲ ಹೇಳಬಾರದು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಮಾವನ ಮುಖ ಕೆಂಪಾಯಿತು. ಅವರು ಕರಗುತ್ತಾರೆ ಎಂದುಕೊಂಡೆ. ಅವರು ಮೇಜಿಗೆ ಗುದ್ದಿದರು.

“ನಿನಗೆ ಬುದ್ಧಿ ಉಂಟಾ? ವೋಟು ಹಾಗೆ ಹಾಕುವುದಾ? ನೀನು ಒಪ್ಪಿದವರಿಗೆ ನೀನು ಹಾಕಬೇಕು! ನನ್ನ ಮುಖ ನೋಡಿ ಹಾಕಲಿಕ್ಕೆ ನಾನು ಯಾರು, ನಿನ್ನ ಧಣಿಯಾ?”

ಹೋಟೆಲಿನವರೆಲ್ಲ ತಿರುಗಿ ನೋಡಿದರು. ಕೊನೆಯ ಮಾತು ಮಾವನಿಗೇ ತಾಗಿತೆಂದು ಕಾಣುತ್ತದೆ. ಅವರು ಚಾದ ಲೋಟ ಬದಿಗೆ ಸರಿಸಿ, ನನ್ನ ಕಡೆ ತಿರುಗಿ, “ಕಾರು ತೆಗಿ ಮಗಾ. ಗುರಿಕಾರರ ಮನೆಗೆ ಹೋಗುವ” ಎಂದರು.

ಅಂದೇ ಮಧ್ಯಾಹ್ನ ಗುಡಿಯ ಎದುರು ದೀಪ ಹಚ್ಚಿ ಇಬ್ಬರನ್ನೂ ನಿಲ್ಲಿಸಿದರು. ಮಾವ ಕಾಣಿಕೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ, “ತಪ್ಪಾಯಿತು. ಸಿಟ್ಟಿನಲ್ಲಿ ಆಡಿದ ಮಾತು, ಬಿಟ್ಟಿದ್ದೇನೆ” ಎಂದರು. ಆಚೆಮನೆಯವರೂ ಕಾಣಿಕೆ ಹಾಕಿದರು. ಎಲ್ಲ ಸೇರಿ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಗುರಿಕಾರರು ಪ್ರಸಾದ ಕೊಡುತ್ತಾ, “ನಾನು ಆಗಲೇ ಹೇಳಿದ್ದೆ, ಇದೇ ಸುಲಭ ಅಂತ” ಎಂದರು.

ಆದರೂ ಮಾವ ಆಚೆಮನೆಗೆ ಹೋಗದೆ ದಿನ ದೂಡಿದರು. ಇಷ್ಟು ವರ್ಷದ ರೂಢಿ, ಕಾಲಿಗೆ ನಾಚಿಕೆ. ಹೋದದ್ದು ಮತ ಎಣಿಕೆಯ ದಿನ. ನಾನೂ ಜೊತೆಗಿದ್ದೆ. ಆಚೆಮನೆಯ ಚಾವಡಿಯಲ್ಲಿ ಟಿವಿ ಹಾಕಿದ್ದರು. ಮಧ್ಯಾಹ್ನವಾಗುವುದರೊಳಗೆ ಎಲ್ಲ ಸ್ಪಷ್ಟವಾಯಿತು. ಮಾವನ ಪಕ್ಷ ಎಂದಿನಂತೆ ಸೋತಿತು. ಆಚೆಮನೆಯವರು ಗೆದ್ದ ಖುಷಿಯನ್ನು ತೋರಿಸಬೇಕೋ ಬೇಡವೋ ಎಂದು ತಿಳಿಯದೆ ರಿಮೋಟ್ ಹಿಡಿದುಕೊಂಡು ಕೂತಿದ್ದರು.

“ನಗು ಮಾರಾಯ” ಎಂದರು ಮಾವ. “ಮುಂದಿನ ಸಲ ನಿನ್ನ ವೋಟನ್ನು ನಿನ್ನವರಿಗೇ ಹಾಕು. ಸರಿಯಾಗಿ ನಿಂತು ಸೋಲಿಸ್ತೇನೆ.”

“ನೀವು ಗೆಲ್ಲುವುದುಂಟಾ?” ಎಂದು ಆಚೆಮನೆಯವರು ನಕ್ಕೇ ಬಿಟ್ಟರು.

ಅವರ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಆಣೆಯ ನಂತರ ಆ ಮನೆಗೆ ಬಂದವಳು, ನನ್ನ ಮಾವ ಅಲ್ಲಿ ನೀರು ಕುಡಿದದ್ದನ್ನು ಅವಳು ನೋಡಿಯೇ ಇರಲಿಲ್ಲ. ಅತ್ತೆಯ ಹಿತ್ತಾಳೆ ಚೆಂಬು, ಬೆಲ್ಲದ ತಟ್ಟೆ ತಂದು ಇಟ್ಟು, ವಾಪಸು ಒಯ್ಯಲು ಅಲ್ಲೇ ಕಾದು ನಿಂತಳು. ಮಾವ ಬೆಲ್ಲ ಬಾಯಿಗೆ ಹಾಕಿಕೊಂಡು ಚೆಂಬಿನ ನೀರನ್ನು ಪೂರ್ತಿ ಕುಡಿದರು. ಕುಡಿದು ಖಾಲಿ ಚೆಂಬನ್ನು ಅವಳ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡರು.

“ಊಟಕ್ಕೆ ಏನುಂಟು ಮಗಾ?”

ಅವಳು ಗಾಬರಿಯಾದಳು. “ಏನೂ ವಿಶೇಷ ಮಾಡಲಿಲ್ಲ ಅಜ್ಜ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ.”

“ಅದು ಸಾಕು. ನಿನ್ನ ಅತ್ತೆಯ ಬೊಜ್ಜದ ಊಟ ನಂದು ಬಾಕಿ ಉಂಟು.”

ಆಚೆಮನೆಯವರು ಎದ್ದು ಟಿವಿ ಆರಿಸಿದರು. ಕೋಲೂರಿಕೊಂಡು ಅಂಗಳಕ್ಕೆ ಇಳಿದು, ಬಾಳೆಯ ಎಲೆ ತಾವೇ ಕೊಯ್ದು ತಂದರು.